ಮಕ್ಕಳ ವೆಬ್‌ಸೈಟಿಗೆ 'ಡಾಟ್ ಕಿಡ್ಸ್' ವಿಳಾಸ ತಗೊಂಡರೆ ಒಳ್ಳೆಯದಾ?

ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಪೆರ್ಲದ ಹತ್ತಿರ ಕನ್ನಡ ಮಾಧ್ಯಮದಲ್ಲಿ ಕಲಿಸುತ್ತೇನೆ. ಶನಿವಾರ ಮಧ್ಯಾಹ್ನ ಊರಿನ ವಾಚನಾಲಯದಲ್ಲಿ ಮಕ್ಕಳ ಜೊತೆ ಕೂರುತ್ತೇನೆ. ಆರು ವರ್ಷದ ಹಿಂದೆ ಮಕ್ಕಳ ಕೈಬರಹದ ಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಒಂದು ವೆಬ್‌ಸೈಟಿಗೆ ಹಾಕಿದ್ದೆವು. ಡಾಟ್ ಕಾಮ್ ವಿಳಾಸ. ಅದನ್ನು ಪುಟ ಗುರುತಿಗೆ ಇಡುವ ಚೀಟಿಯ ಹಿಂದೆ ಅಚ್ಚು ಹಾಕಿಸಿ ಪುಸ್ತಕಗಳ ಒಳಗೆ ಇಟ್ಟೆವು. ಸೈಟ್ ಮಾಡಿಕೊಟ್ಟ ಹುಡುಗ ಆಮೇಲೆ ಗಲ್ಫಿಗೆ ಹೋದ. ವಿಳಾಸ ಉಳಿಸಿಕೊಳ್ಳಲು ದುಡ್ಡು ಕಟ್ಟಿ ಅಂತ ಬರುತ್ತಿದ್ದ ಮೇಲ್ ಅವನ ಹಳೇ ಐಡಿಗೆ ಹೋಗುತ್ತಿತ್ತಂತೆ. ಯಾರೂ ನೋಡಲಿಲ್ಲ.

ಕಳೆದ ಶನಿವಾರ ನಾಲ್ಕನೇ ಕ್ಲಾಸಿನ ಹುಡುಗಿ ಆ ಚೀಟಿ ಹಿಡಿದು ಬಂದಳು. ಅಕ್ಕ ಬರೆದ ಕವಿತೆ ಅದರಲ್ಲಿದೆ ಎಂದು ಮನೆಯಲ್ಲಿ ಹೇಳಿದ್ದರಂತೆ. ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದಳು. ತೆರೆದುಕೊಂಡದ್ದು ರಮ್ಮಿ ಆಟದ ಪುಟ. ಮೇಲಿನಿಂದ ಚಿನ್ನದ ನಾಣ್ಯ ಸುರಿಯುತ್ತಿತ್ತು. "ಟೀಚರೇ, ಅಕ್ಕನ ಕವಿತೆ ಎಲ್ಲಿ?" ಎಂದು ಕೇಳಿದಳು. ಮಗು ಒಂದು ಅಕ್ಷರವೂ ತಪ್ಪಿರಲಿಲ್ಲ. ನಾವು ಕೊಟ್ಟ ವಿಳಾಸವನ್ನೇ ಹಾಕಿದ್ದಳು. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೊನೆಯಲ್ಲಿ ಡಾಟ್ ಕಾಮ್ ಬದಲು ಡಾಟ್ ಕಿಡ್ಸ್ ಇರುವ ವಿಳಾಸ ತಗೊಂಡರೆ ಹೀಗಾಗುವುದಿಲ್ಲ ಅಲ್ವಾ? ಸೈಟಿನ ಹಳೇ ಹೆಸರು ವಾಪಸ್ ಸಿಗುತ್ತದಾ?

ಕುಂಬಳೆಯವ

ಟೀಚರೇ, ವಾಪಸ್ ಸಿಗುವುದು ಕಷ್ಟ. ಡಾಟ್ ಕಾಮ್ ಹೆಸರು ಅವಧಿ ಮುಗಿದ ದಿನವೇ ಕೈ ತಪ್ಪುವುದಿಲ್ಲ. ಸಾಮಾನ್ಯವಾಗಿ ಕೆಲವು ವಾರ ಬಿಟ್ಟಿರುತ್ತಾರೆ. ಆಮೇಲೆ 30 ದಿನ ಜಾಸ್ತಿ ದುಡ್ಡು ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ದಾಟಿ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಶಾಲೆಗಳ ಪುಟದಿಂದ ಲಿಂಕ್ ಇದ್ದ ಹೆಸರಿಗೆ ಹುಡುಕಾಟದಲ್ಲಿ ಬೆಲೆ ಇರುತ್ತದೆ. ಅದಕ್ಕೇ ಕಾದು ಹಿಡಿಯುವವರಿದ್ದಾರೆ. ಟ್ರೇಡ್‌ಮಾರ್ಕ್ ಇದ್ದರೆ ದೂರು ಕೊಡಬಹುದಿತ್ತು. ವಾಚನಾಲಯಕ್ಕೆ ಅದೆಲ್ಲಿ ಇರುತ್ತದೆ?

ಮುಳ್ಳೇರಿಯ ಮಾಷ್ಟ್ರು

ಡಾಟ್ ಕಿಡ್ಸ್ 2022ರಲ್ಲಿ ಎಲ್ಲರಿಗೂ ಸಿಗುವಂತಾಯಿತು. ಹಾಂಗ್‌ಕಾಂಗ್‌ನ ಡಾಟ್‌ಕಿಡ್ಸ್ ಫೌಂಡೇಶನ್ ನೋಡಿಕೊಳ್ಳುತ್ತದೆ. ಮಕ್ಕಳಿಗೆ ಕೇಡಾಗುವಂಥದ್ದನ್ನು ಹಾಕಬಾರದು ಎಂಬ ನಿಯಮ ಇದೆ, ದೂರು ಕೊಡಲು ದಾರಿಯೂ ಇದೆ. ನಿಮ್ಮ ಸೈಟಿನ ಹೆಸರು ಅಲ್ಲಿದ್ದಿದ್ದರೆ ರಮ್ಮಿಯವರ ಮೇಲೆ ದೂರು ಕೊಡಬಹುದಿತ್ತು. ಡಾಟ್ ಕಾಮ್‌ನಲ್ಲಿ ಅಂಥ ನಿಯಮವೇ ಇಲ್ಲ. ಆದರೆ ದುಡ್ಡು ಕಟ್ಟದಿದ್ದರೆ ಅಲ್ಲೂ ಹೆಸರು ಹೋಗುತ್ತದೆ.

ಅಮೆರಿಕದವರು ಇನ್ನೂ ಬಿಗಿಯಾಗಿ ಮಾಡಿ ನೋಡಿದ್ದರು. 2002ರಲ್ಲಿ ಕಾನೂನು ಮಾಡಿ, 13ರ ಒಳಗಿನ ಮಕ್ಕಳಿಗೆ ಕಿಡ್ಸ್ ಡಾಟ್ ಯುಎಸ್ ಎಂಬ ಜಾಗ ತೆರೆದರು. ಅಲ್ಲಿಂದ ಹೊರಗಿನ ಸೈಟಿಗೆ ಲಿಂಕ್ ಕೊಡುವಂತೆಯೇ ಇರಲಿಲ್ಲ. ಬಂದವರು ತೀರಾ ಕಡಿಮೆ. 2012ರಲ್ಲಿ ನಿಲ್ಲಿಸಿದರು. ನನ್ನ ಮಟ್ಟಿಗೆ ಬೇಕಾದ ನಿಯಮ ಬೇರೆ. ಮಕ್ಕಳದ್ದಾಗಿದ್ದ ಹೆಸರು ಬಿಟ್ಟುಹೋದರೆ ಅದನ್ನು ಜೂಜಿನವರಿಗೆ ಕೊಡಬಾರದು. ವಿಳಾಸದ ಕೊನೆಯಲ್ಲಿ ಕಾಮ್ ಇರಲಿ, ಕಿಡ್ಸ್ ಇರಲಿ.

ಅಂದ ಹಾಗೆ, ಹಳೇ ವೆಬ್ ಪುಟಗಳ ಪ್ರತಿ ತೆಗೆದಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹಳೇ ವಿಳಾಸ ಹಾಕಿ ನೋಡಿ. ಕವಿತೆ ಉಳಿದಿರಲೂಬಹುದು.

ಪೆರ್ಲದ ಟೀಚರ್

ಮಾಷ್ಟ್ರೇ, ನೋಡಿದೆ. ಪರಿವಿಡಿ ಸಿಕ್ಕಿತು, ಅದರಲ್ಲಿ ಅಕ್ಕನ ಹೆಸರೂ ಇದೆ. ಕವಿತೆಯ ಪುಟ ತೆರೆಯಲಿಲ್ಲ. ಕಪಾಟಿನಲ್ಲಿ ಆ ವರ್ಷದ ಪತ್ರಿಕೆ ಹುಡುಕುತ್ತಿದ್ದೇನೆ, ಗೆದ್ದಲು ಹಿಡಿಯದಿದ್ದರೆ ಸಾಕು. ಇವತ್ತು ಮಕ್ಕಳೆಲ್ಲ ಸೇರಿ ಪುಸ್ತಕ ಒಂದೊಂದೇ ಕೊಡವಿ ಚೀಟಿ ತೆಗೆದರು. ಮನೆಗಳಿಗೆ ಹೋದ ಪುಸ್ತಕಗಳಲ್ಲಿ ಇನ್ನೂ ಇವೆ.

ಡಾಟ್ ಕಿಡ್ಸ್ ತಗೊಳ್ಳೋಣ ಅಂತ ಸಮಿತಿಯಲ್ಲಿ ಹೇಳುತ್ತೇನೆ. ಎಷ್ಟು ವರ್ಷದ್ದು ಒಟ್ಟಿಗೆ ಕಟ್ಟಬಹುದು? ನೆನಪಿಸುವ ಮೇಲ್ ಒಬ್ಬರಿಗೇ ಹೋಗದೆ ಇಬ್ಬರು ಮೂವರಿಗೆ ಬರುವ ಹಾಗೆ ಮಾಡುವುದು ಹೇಗೆ?

ಕುಂಬಳೆಯವ

10 ವರ್ಷದವರೆಗೆ ಕಟ್ಟಬಹುದು ಟೀಚರೇ. ವಾಚನಾಲಯದ ಹೆಸರಲ್ಲೇ ಒಂದು ಮೇಲ್ ಐಡಿ ಮಾಡಿ, ಅಲ್ಲಿಗೆ ಬಂದದ್ದು ನಿಮಗೂ ಕಾರ್ಯದರ್ಶಿಗೂ ಫಾರ್ವರ್ಡ್ ಆಗಲಿ. ಭಾನುವಾರ ನಾನೇ ಬಂದು ಮಾಡಿಕೊಡುತ್ತೇನೆ.