ಕಾಲುವೆ ನೀರಿನ ಗುಂಪಿನಲ್ಲಿ ಬೇರೆ ವಿಷಯದ ಪೋಸ್ಟ್ ಅಳಿಸಿದರೆ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯೇ?

ಕಾರಟಗಿ_ಭತ್ತ

ಎಲ್ಲರಿಗೂ ನಮಸ್ಕಾರ್ರಿ. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆ ರೈತರ ವಾಟ್ಸಾಪ್ ಗುಂಪಿನ ಪ್ರಶ್ನೆ ಇದು. 600 ಜನ ಇದ್ದಾರೆ, ನಾಲ್ವರು ಅಡ್ಮಿನ್. ಗೇಜ್ (ಕಾಲುವೆಯ ನೀರಿನ ಮಟ್ಟ) ಎಷ್ಟಿದೆ, ಯಾವ ತೂಬಿಗೆ ನೀರು ಹತ್ತಿಲ್ಲ, ಸರದಿ ಯಾವಾಗ, ಇಷ್ಟಕ್ಕೇ ಮಾಡಿದ ಗುಂಪು. ಈಗ ಬೆಳಗಾದರೆ ಶುಭೋದಯದ ಚಿತ್ರ, ಆಮೇಲೆ ಪಕ್ಷದ ವಿಡಿಯೊ, ಸೈಟ್ ಮಾರಾಟ, ಅವಕ್ಕೆ ಉತ್ತರದ ಮೇಲೆ ಉತ್ತರ. ನೀರಿನ ಸುದ್ದಿ ಸಿಗಬೇಕಾದರೆ ಐವತ್ತು ಮೆಸೇಜ್ ಮೇಲಕ್ಕೆ ಎಳೆಯಬೇಕು. ಅಳಿಸಿದರೆ "19ನೇ ವಿಧಿ ಗೊತ್ತೇನು?" ಅಂತ ಕೇಳುತ್ತಾರೆ. ಅಳಿಸುವ ಹಕ್ಕು ಅಡ್ಮಿನ್‌ಗೆ ಇದೆಯೇ? ಇದ್ದರೆ ಯಾವ ರೀತಿ ಮಾಡಬೇಕು? ಇನ್ನೊಂದು, ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಮೇಲೆ ಕೇಸ್ ಬೀಳುತ್ತದೆ ಅನ್ನುವುದು ನಿಜವೇ?

ಬಳ್ಳಾರಿ_ಕಾನೂನು

ಅಳಿಸಬಹುದು ಸರ್. ಮಾತಿನ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ಮುಖ್ಯವಾಗಿ ಸರ್ಕಾರದ ಕೈ ಕಟ್ಟುವ ವಿಧಿ. ರೈತರು ಕೂಡಿ ಮಾಡಿಕೊಂಡ ಗುಂಪು ಸರ್ಕಾರವಲ್ಲ. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠದ ಬಹುಮತವು 19 ಮತ್ತು 21ನೇ ವಿಧಿಯ (ಜೀವ, ವೈಯಕ್ತಿಕ ಸ್ವಾತಂತ್ರ್ಯದ) ಹಕ್ಕುಗಳನ್ನು ಸರ್ಕಾರವಲ್ಲದವರ ವಿರುದ್ಧವೂ ಕೇಳಬಹುದು ಎಂದಿದೆ. ಹಾಗಾಗಿ "ಖಾಸಗಿಯವರಿಗೆ 19 ತಟ್ಟುವುದೇ ಇಲ್ಲ" ಅಂತ ಗುಂಪಿನಲ್ಲಿ ವಾದಕ್ಕೆ ಇಳಿಯಬೇಡಿ. ಆದರೂ ಮಾತಾಡುವ ಹಕ್ಕು ಬೇರೆ, ಇನ್ನೊಬ್ಬರ ಕಟ್ಟೆ ಮೇಲೆಯೇ ಕೂತು ಮಾತಾಡುತ್ತೇನೆ ಅನ್ನುವ ಹಕ್ಕು ಬೇರೆ. ಅದೇ ವಿಡಿಯೊವನ್ನು ಅವರು ತಮ್ಮ ಸ್ಟೇಟಸ್‌ಗೆ ಹಾಕಲು ನೀವೇನೂ ಅಡ್ಡ ಬಂದಿಲ್ಲವಲ್ಲ. ಕೂಡಿ ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಅದೇ 19ನೇ ವಿಧಿಯ (1)(ಸಿ) ನಿಮಗೂ ಕೊಟ್ಟಿದೆ.

ಗ್ರಾಮ ಪಂಚಾಯಿತಿಯೋ ಇಲಾಖೆಯೋ ಅಧಿಕೃತವಾಗಿ ನಡೆಸುವ ಗುಂಪಾದರೆ ಲೆಕ್ಕ ಬೇರೆ. ಅಲ್ಲಿ ಟೀಕೆ ಮಾಡಿದವರನ್ನು ತೆಗೆದರೆ 19ರ ಪ್ರಶ್ನೆ ನಿಜವಾಗಿಯೂ ಏಳುತ್ತದೆ.

ಅಡ್ಮಿನ್ ಮೇಲಿನ ಕೇಸ್ ಬಗ್ಗೆ: ಸದಸ್ಯರು ಹಾಕಿದ ಪೋಸ್ಟ್‌ಗೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನಮ್ಮ ರಾಜ್ಯದ ಕೋರ್ಟುಗಳಿಗೆ ಅವು ಕಡ್ಡಾಯವಲ್ಲ, ತೂಕ ಮಾತ್ರ ಇದೆ. ಮೊದಲೇ ಮಾತಾಡಿಕೊಂಡು ಹಾಕಿಸಿದ್ದರೆ ಅಥವಾ ಅಡ್ಮಿನ್ನೇ ಮುಂದೆ ಕಳಿಸಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಜಾತಿ, ಧರ್ಮದ ನಡುವೆ ದ್ವೇಷ ಹಚ್ಚುವ ಪೋಸ್ಟ್ ಬಂದರೆ (ಭಾರತೀಯ ನ್ಯಾಯ ಸಂಹಿತೆಯ 196) ಮೊದಲು ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಅಳಿಸಿ. ಆ ಸ್ಕ್ರೀನ್‌ಶಾಟನ್ನು ಇನ್ನೊಂದು ಗುಂಪಿಗೆ ಹಾಕಿದರೆ ಹರಡಿದವರು ನೀವೇ ಆಗುತ್ತೀರಿ. ಯಾರಾದರೂ "66ಎ ಹಾಕಿಸ್ತೀನಿ" ಅಂದರೆ ಹೆದರಬೇಡಿ, ಆನ್‌ಲೈನಿನಲ್ಲಿ ಮನನೋಯಿಸುವ ಮೆಸೇಜಿಗೆ ಶಿಕ್ಷೆ ಹೇಳುತ್ತಿದ್ದ ಐಟಿ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ.

ಗಂಗಾವತಿ_ಅಡ್ಮಿನ್

ಹಕ್ಕಿನ ಮಾತು ಮೇಲಿನವರು ಹೇಳಿದರು. ಇನ್ನು ಕೈಗೆಲಸ.

ನಿಯಮವನ್ನು ಗುಂಪಿನ ವಿವರಣೆಯಲ್ಲಿ ಬರೆಯಿರಿ. ಹಳೆಯ ಮೆಸೇಜ್ ಹೊಸಬರಿಗೆ ತಾನಾಗಿ ಕಾಣುವುದಿಲ್ಲ. ಪಿನ್ ಮಾಡಿದ್ದೂ ಹೆಚ್ಚೆಂದರೆ 30 ದಿನ ಇರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಬಹಳ ಗುಂಪುಗಳಲ್ಲಿ "ನಿಯಮ ಎಲ್ಲಿದೆ?" ಅನ್ನುವ ಜಗಳ ಹುಟ್ಟುವುದೇ ಇಲ್ಲಿಂದ.

ನಿಯಮ ಕಣ್ಣಿಗೆ ಕಾಣುವಂಥದ್ದಿರಲಿ. "ಅನಗತ್ಯ ಪೋಸ್ಟ್ ಬೇಡ" ಅಂದರೆ ಯಾವುದು ಅನಗತ್ಯ ಅನ್ನುವುದಕ್ಕೇ ಇನ್ನೊಂದು ಜಗಳ. ಅದರ ಬದಲು ಹೀಗೆ ಬರೆಯಿರಿ: "ಎರಡು ಬಾಣದ ಗುರುತಿರುವ ಫಾರ್ವರ್ಡ್ ಯಾವುದೂ ಬೇಡ." ಐದು ಅಥವಾ ಹೆಚ್ಚು ಕೈ ದಾಟಿ ಬಂದ ಮೆಸೇಜಿಗೆ ವಾಟ್ಸಾಪ್ ತಾನೇ ಆ ಜೋಡಿ ಬಾಣ ಹಾಕುತ್ತದೆ. ಶುಭೋದಯದ ಹೂವು, ಆ ಪಕ್ಷದ ವಿಡಿಯೊ, ಈ ಪಕ್ಷದ ವಿಡಿಯೊ, ಮೂರಕ್ಕೂ ಸಾಮಾನ್ಯವಾಗಿ ಅದೇ ಗುರುತು. ಅಡ್ಮಿನ್ ಯಾರ ಕಡೆಯವನು ಅನ್ನುವ ಮಾತು ಅಲ್ಲಿಗೇ ಅರ್ಧ ಕಡಿಮೆ. ನೀರಿನ ಮೆಸೇಜಿಗೆ ಉಪಕಾಲುವೆ ನಂಬರ್, ತೂಬಿನ ನಂಬರ್, ನೋಡಿದ ಸಮಯ ಇರಲೇಬೇಕು ಅಂತಲೂ ಹಾಕಿ.

ಅಳಿಸುವುದು: ಮೆಸೇಜ್ ಒತ್ತಿ ಹಿಡಿದು "ಎಲ್ಲರಿಗೂ ಅಳಿಸು". ಬಹಳ ತಡ ಮಾಡಿದರೆ ಆ ಆಯ್ಕೆ ಸಿಗುವುದಿಲ್ಲ. ಅಳಿಸಿದ ಜಾಗದಲ್ಲಿ ಅಡ್ಮಿನ್ ಹೆಸರು ಎಲ್ಲರಿಗೂ ಕಾಣುತ್ತದೆ, ಸಿಟ್ಟೆಲ್ಲ ಅವರೊಬ್ಬರ ತಲೆಗೆ ಕಟ್ಟುತ್ತದೆ. ಅದಕ್ಕೇ ನಾಲ್ವರೂ ಸರದಿ ಹಾಕಿಕೊಳ್ಳಿ. ಅಳಿಸಿದ ಕೂಡಲೇ ಹಾಕಿದವರಿಗೆ ಖಾಸಗಿಯಾಗಿ ಒಂದು ಸಾಲು ಬರೆಯಿರಿ: "ಅಣ್ಣಾರೆ, ಎರಡು ಬಾಣದ ನಿಯಮಕ್ಕೆ ತೆಗೆದಿದೆ, ವಿಷಯಕ್ಕಲ್ಲ." ಗುಂಪಿನಲ್ಲೇ ಗದರಿದರೆ ಆ ಗದರಿಕೆಗೇ ಇಪ್ಪತ್ತು ಉತ್ತರ ಬರುತ್ತವೆ, ಅವೂ ವಿಷಯದ ಹೊರಗಿನವೇ.

ಒಬ್ಬರ ಬಾಯಿ ಮಾತ್ರ ಕೆಲ ದಿನ ಕಟ್ಟುವ ಸೌಲಭ್ಯ ವಾಟ್ಸಾಪ್‌ನಲ್ಲಿ ಇಲ್ಲ. ಇಡೀ ಗುಂಪಿಗೆ ಬೀಗ ಹಾಕಬೇಕು, ಇಲ್ಲವೇ ಆ ಒಬ್ಬರನ್ನು ತೆಗೆಯಬೇಕು. ಟೆಲಿಗ್ರಾಂನಲ್ಲಿ ಆಗುತ್ತದೆ. ಅಲ್ಲಿ ನಿಧಾನ ಮೋಡ್ ಹಾಕಿ ಒಬ್ಬರು ಕೆಲವು ಸೆಕೆಂಡಿನಿಂದ 1 ಗಂಟೆವರೆಗೆ ಒಂದೇ ಮೆಸೇಜ್ ಅಂತಲೂ ಕಟ್ಟಬಹುದು. ಆದರೆ ಹೊಲದಲ್ಲಿರುವ 600 ಜನರನ್ನು ಬೇರೆ ಆ್ಯಪ್‌ಗೆ ಸಾಗಿಸುವುದು ಸುಲಭದ ಮಾತಲ್ಲ. ವಾಟ್ಸಾಪ್‌ನಲ್ಲೇ ಕಮ್ಯೂನಿಟಿ ಮಾಡಿ, ಅದರಡಿ "ನೀರು" ಒಂದು ಗುಂಪು, "ಕಟ್ಟೆ" ಇನ್ನೊಂದು. ರಾಜಕೀಯ, ಸೈಟ್, ಹಬ್ಬದ ಶುಭಾಶಯ ಎಲ್ಲ ಕಟ್ಟೆಗೆ. ಕಟ್ಟೆಯಲ್ಲೂ ಒಬ್ಬ ಅಡ್ಮಿನ್ ಮಾತಾಡುತ್ತಿರಬೇಕು. ಇಲ್ಲದಿದ್ದರೆ ಅದು ಕಸದ ಬುಟ್ಟಿ ಅಂತ ಜನಕ್ಕೆ ಗೊತ್ತಾಗಿ ಮತ್ತೆ ನೀರಿನ ಗುಂಪಿಗೇ ಬರುತ್ತಾರೆ.

ಮಾನ್ವಿ_ಟೇಲ್‌ಎಂಡ್

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ ನೀರು ಅಂದರೆ ರಾಜಕೀಯವೇ. ನೀರು ಎಂದಿನಿಂದ ಎಂದಿನವರೆಗೆ ಅಂತ ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ (ಐಸಿಸಿ). ಅಲ್ಲಿ ಕೂರುವವರು ಸಚಿವರು, ಶಾಸಕರು, ಅಧಿಕಾರಿಗಳು. "ಐಸಿಸಿ ಸಭೆಯಲ್ಲಿ ನಮ್ಮ ಶಾಸಕರು ಕೊನೆಭಾಗದ ಬಗ್ಗೆ ಬಾಯಿ ಬಿಡಲಿಲ್ಲ" ಅನ್ನುವುದು ನೂರಕ್ಕೆ ನೂರು ವಿಷಯದ ಒಳಗಿನ ಮಾತು. "ಮೇಲ್ಭಾಗದ ಅಕ್ರಮ ಪಂಪ್‌ಸೆಟ್ ಯಾಕೆ ತೆರವಾಗಿಲ್ಲ" ಅನ್ನುವುದೂ ಅಷ್ಟೇ. ಇವನ್ನು ರಾಜಕೀಯ ಅಂತ ಅಳಿಸಿದರೆ ಅದು ಶಿಸ್ತಲ್ಲ, ಬಾಯಿ ಮುಚ್ಚಿಸಿದ ಹಾಗೆ. ಕಾನೂನಿಗೆ ತಪ್ಪಾಗದಿರಬಹುದು, ಆದರೆ ಕೊನೆಭಾಗದ ರೈತನಿಗೆ ದೂರು ಹೇಳಲು ಇರುವುದೇ ಆ ಜಾಗ.

"ಆ ಪಕ್ಷಕ್ಕೆ ವೋಟ್ ಹಾಕಬೇಡಿ" ಅಂದರೆ ಕಟ್ಟೆಗೆ ಕಳಿಸಿ. "ಇಂಥ ಊರಿನ ಇಂಥವನು ನೀರುಗಳ್ಳ" ಅಂತ ಹೆಸರು ಹಿಡಿದರೆ ಮಾನಹಾನಿಗೆ ದಾರಿ. ಹೆಸರು ಬಿಟ್ಟು ಜಾಗ, ಸಮಯ ಬರೆಯಲು ಹೇಳಿ, ಫೋಟೊ ಸಮೇತ ಇಲಾಖೆಗೆ ಅರ್ಜಿ ಕೊಡಲು ಅದೇ ಸಾಕು. ಅಡ್ಮಿನ್‌ಗೆ ಬೈದ ಪೋಸ್ಟನ್ನು ಅದೇ ಅಡ್ಮಿನ್ ಅಳಿಸಬಾರದು, ಬೇರೆ ಇಬ್ಬರು ಒಪ್ಪಬೇಕು. "ಅಡ್ಮಿನ್ ತೀರ್ಮಾನವೇ ಅಂತಿಮ" ಅನ್ನುವ ಸಾಲು ಇದ್ದರೆ ಇವತ್ತೇ ತೆಗೀರಿ.

ಕಾರಟಗಿ_ಭತ್ತ

ಆ ಸಾಲು ಇತ್ತು, ತೆಗೆದೆ. ಒಂದು ಉಳಿಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟ್ (ನದಿಗೆ ನೀರು ಬಿಡುವ ಗೇಟ್) ಕೊಚ್ಚಿ ಹೋಯಿತಲ್ಲ, ಅಂಥ ಹೊತ್ತಿನಲ್ಲಿ "ಡ್ಯಾಮೇ ಒಡೀತಂತೆ" ಅಂತ ಆಡಿಯೊ ಬಂದರೆ? ಅದು ನೀರಿನದ್ದೇ ವಿಷಯ.

ಗಂಗಾವತಿ_ಅಡ್ಮಿನ್

ವಿಷಯದ ಒಳಗಿದ್ದ ಮಾತ್ರಕ್ಕೆ ನಿಜ ಆಗುವುದಿಲ್ಲ, ಅದಕ್ಕೆ ಬೇರೆ ನಿಯಮ ಬೇಕು. ಯಾರು ನೋಡಿದರು, ಎಲ್ಲಿಂದ ನೋಡಿದರು, ಎಷ್ಟು ಗಂಟೆಗೆ, ಇವು ಮೂರೂ ಇಲ್ಲದ ಆಡಿಯೊ ಅಳಿಸಿ. ಸುಮ್ಮನೆ ಅಳಿಸಿದರೆ ಭಯ ಹೆಚ್ಚುತ್ತದೆ, ಆ ಜಾಗದಲ್ಲಿ ಗೊತ್ತಿರುವಷ್ಟು ಬರೆಯಿರಿ: "33 ಗೇಟಿನಲ್ಲಿ ಒಂದು ಹೋಗಿದೆ, ಅಣೆಕಟ್ಟೆ ಒಡೆದ ಸುದ್ದಿ ಖಚಿತವಿಲ್ಲ, ನದಿ ದಂಡೆಯವರು ಅಧಿಕಾರಿಗಳ ಸೂಚನೆ ಪಾಲಿಸಿ." ಮೆಸೇಜ್ ಕೈ ಮೀರಿದರೆ ಆಗ ಮಾತ್ರ "ಅಡ್ಮಿನ್ ಮಾತ್ರ ಕಳಿಸಬಹುದು" ಹಾಕಿ, ಬೆಳಿಗ್ಗೆ 6ಕ್ಕೆ ತೆಗೆಯುತ್ತೇವೆ ಅಂತ ಗಂಟೆ ಹೇಳಿ ಹಾಕಿ. 6ಕ್ಕೆ ತೆಗೆಯುವ ಅಡ್ಮಿನ್ ಯಾರು ಅಂತ ರಾತ್ರಿಯೇ ಗೊತ್ತು ಮಾಡಿಕೊಳ್ಳಿ.