ಪದಚರ್ಚೆ: ‘ಬೋಧಕೇತರ’ ಎಂಬುದಕ್ಕೆ ಬೇರೆ ಮಾತು ಇದೆಯೇ?

ಎಲ್ಲರಿಗೂ ನಮಸ್ಕಾರ.

ಗದಗದ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಾಲೇಜಿನಲ್ಲಿ ದುಡಿಯುವವರಿಗಾಗಿ ತಿಂಗಳಿಗೊಂದು ಸುದ್ದಿ ಹಾಳೆ ತರುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಯಾರಿಗೆ ಬಡ್ತಿ ಸಿಕ್ಕಿತು, ಯಾರ ಮಗಳ ಮದುವೆ, ಯಾರು ಮೌಲ್ಯಮಾಪನಕ್ಕೆ ಧಾರವಾಡಕ್ಕೆ ಹೋಗಬೇಕು, ಬರುವ ತಿಂಗಳು ಏನೇನು ಕಾರ್ಯಕ್ರಮ ಇವೆ, ಇಷ್ಟೇ ಅದರಲ್ಲಿ ಇರುವುದು. ಒಳಗಿನ ಸುದ್ದಿ ಬರೆಯುವುದು ಕಷ್ಟವಲ್ಲ. ತಲೆಬರಹದ ಹತ್ತಿರ ಕೈ ನಿಲ್ಲುತ್ತದೆ.

‘ಬೋಧಕ ಹಾಗೂ ಬೋಧಕೇತರ ಸಿಬ್ಬಂದಿಗಳ ಗಮನಕ್ಕೆ’ ಎಂದು ಮೊದಲಿನಿಂದ ಹಾಕುತ್ತ ಬಂದಿದ್ದಾರೆ. ಈ ಸಾಲಿನಲ್ಲಿ ನನಗೆ ಎರಡು ತೊಡಕು. ‘ಸಿಬ್ಬಂದಿಗಳು’ ಸರಿಯೇ ಎನ್ನುವುದು ಒಂದು, ಅದು ಸಣ್ಣದು. ‘ಬೋಧಕೇತರ’ ಎನ್ನುವುದು ಇನ್ನೊಂದು. ಅದಕ್ಕಾಗಿಯೇ ಈ ಪತ್ರ.

ಸಣ್ಣದನ್ನು ಮೊದಲು ಮುಗಿಸುತ್ತೇನೆ. ಸಿಬ್ಬಂದಿ ಎಂಬುದು ಗುಂಪಿಗೆ ಇರುವ ಹೆಸರು. ಪಡೆ, ತಂಡ, ಮಂದಿ ಇದ್ದ ಹಾಗೆ. ಪದ ಬಂದದ್ದು ಪಾರಸಿಯಿಂದ. ಅಲ್ಲಿ ‘ಸಿಹ್’ ಅಂದರೆ ಮೂರು. ‘ಸಿಹ್‌ಬಂದಿ’ ಎಂದರೆ ಕಂದಾಯ ವಸೂಲಿಗೆ, ಕೋಟೆ ಕಾವಲಿಗೆ ಇಟ್ಟುಕೊಳ್ಳುತ್ತಿದ್ದ ದಂಡು. ಮೂರು ತಿಂಗಳಿಗೊಮ್ಮೆ ಸಂಬಳ ಕೊಡುತ್ತಿದ್ದರಿಂದ ಆ ಹೆಸರು ಬಂತು ಎಂದು ವಿವರಣೆ ಕೊಡುವವರಿದ್ದಾರೆ. ಮರಾಠಿಯಲ್ಲಿ ಅದು ‘ಶಿಬಂದಿ’. ಆದಿಲಶಾಹಿ, ಪೇಶ್ವೆ, ಆಮೇಲೆ 1956ರ ತನಕ ಮುಂಬಯಿ ಆಡಳಿತ ಕಂಡ ನಮ್ಮ ಸೀಮೆಯಲ್ಲಿ ಕಚೇರಿಯ ಮಾತುಗಳು ಹೀಗೇ ಬಂದು ನೆಲೆ ನಿಂತಿವೆ. ಕಚೇರಿಯಲ್ಲಿ ಕಾಗದ ಪತ್ರ ಹೊತ್ತು ತಿರುಗುವವರಿಗೆ ನಾವು ಅನ್ನುವ ‘ಸಿಪಾಯಿ’ ಕೂಡ ದಂಡಿನ ಮಾತೇ, ಪಾರಸಿಯ ‘ಸಿಪಾಹಿ’. ಮೈಸೂರು ಕಡೆ ಅದೇ ಕೆಲಸದವರನ್ನು ‘ಜವಾನ’ ಅನ್ನುತ್ತಾರೆ. ಅದರ ಮೂಲ ಅರ್ಥ ಹರೆಯದವನು. ಅರವತ್ತಕ್ಕೆ ನಿವೃತ್ತಿ ಆಗುವವರೆಗೂ ಆ ಹೆಸರೇ.

ಗುಂಪಿನ ಹೆಸರಾದ್ದರಿಂದ ‘ಸಿಬ್ಬಂದಿ’ ಎಂದರೆ ಸಾಕು, ‘ಗಳು’ ಬೇಡ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ಆದರೆ ಪೇಪರಿನಲ್ಲಿ, ಟಿವಿಯಲ್ಲಿ ‘ಒಬ್ಬ ಸಿಬ್ಬಂದಿ’, ‘ಮೂವರು ಸಿಬ್ಬಂದಿಗಳು’ ಎಂದು ದಿನವೂ ಬರುತ್ತದೆ. ಬಳಕೆ ಆ ಕಡೆ ಹೊರಳಿದೆ. ಒಬ್ಬರನ್ನೇ ಹೇಳಬೇಕಾದಾಗ ಅವರ ಕೆಲಸದ ಹೆಸರು ಹೇಳುವುದು ಲೇಸು ಎಂದು ನನ್ನ ಅಭಿಪ್ರಾಯ. ‘ಲೈಬ್ರರಿಯ ಸಿಬ್ಬಂದಿಯೊಬ್ಬರು’ ಎನ್ನುವುದಕ್ಕಿಂತ ‘ಗ್ರಂಥಪಾಲಕರು’ ಎಂದರೆ ಯಾರು ಎಂದು ಗೊತ್ತಾಗುತ್ತದೆ, ಅಲ್ವಾ?

ಈಗ ‘ಬೋಧಕೇತರ’.

ಬೋಧಕ, ಇತರ ಎರಡೂ ಸೇರಿ ಗುಣಸಂಧಿಯಾಗಿ ಬೋಧಕೇತರ. ಸರ್ಕಾರೇತರ, ಕನ್ನಡೇತರ ಇವೂ ಅದೇ ಅಚ್ಚಿನವು. ವ್ಯಾಕರಣದಲ್ಲಿ ಯಾವ ತಪ್ಪೂ ಇಲ್ಲ. ಆದರೆ ಸರ್ಕಾರೇತರ ಸಂಸ್ಥೆಗೆ ಸರ್ಕಾರ ಅಲ್ಲ ಎನ್ನುವುದೇ ಗುರುತು, ಅದು ಅವರಿಗೆ ಬೇಕಾದದ್ದು. ಕಾಲೇಜಿನ ಗುಮಾಸ್ತರಿಗೆ, ಪ್ರಯೋಗಶಾಲೆ ನೋಡಿಕೊಳ್ಳುವವರಿಗೆ, ಗೇಟಿನ ಹತ್ತಿರ ಕೂರುವ ಕಾವಲುಗಾರರಿಗೆ ಪಾಠ ಮಾಡದೇ ಇರುವುದು ಗುರುತೇ? ಅವರವರ ಕೆಲಸ ಅವರಿಗಿದೆ. ಪರೀಕ್ಷೆ ಫೀ ಕಟ್ಟಲು ಕೊನೆಯ ದಿನ ಸಂಜೆ ಓಡಿ ಬಂದ ಹುಡುಗಿಗೆ ಚಲನ್ ಬರೆದುಕೊಡುವವರು ಇವರು. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಆಧಾರ್ ಹೆಸರಿಗೂ ಹತ್ತನೇ ಇಯತ್ತೆಯ ಅಂಕಪಟ್ಟಿಯ ಹೆಸರಿಗೂ ತಾಳೆ ಬೀಳದಿದ್ದರೆ ಕೂರಿಸಿಕೊಂಡು ಸರಿ ಮಾಡಿಸುವವರು ಇವರು. ಮಕ್ಕಳು ಮೊದಲು ಕಾಣುವುದು ಇವರ ಮುಖ.

ನಮ್ಮ ಆಫೀಸಿನ ಹಿರಿಯರೊಬ್ಬರು ಹಾಳೆಯ ಕರಡು ಓದಿ ನನಗೆ ಹೇಳಿದರು: “ಸರ್, ಆ ಬೋಧಕೇತರ ಅನ್ನೂದನ್ನ ತಗದು ಬಿಡ್ರಿ. ನಾ ಏನ ಅಲ್ಲ ಅನ್ನೂದು ಅದರಾಗ ಐತಿ. ಏನ ಅದೇನಿ ಅನ್ನೂದು ಇಲ್ಲ.” ಅವರು ಸಿಟ್ಟಿನಿಂದ ಹೇಳಲಿಲ್ಲ. ಕರಡಿನಲ್ಲಿ ಎರಡು ಕಡೆ ಕಾಗುಣಿತ ತಿದ್ದಿ, ನಂತರ ಈ ಮಾತು ಹೇಳಿ ಹಾಳೆ ವಾಪಸು ಕೊಟ್ಟರು. ಅಂದಿನಿಂದ ಆ ಪದವನ್ನು ಟೈಪ್ ಮಾಡಲು ನನಗೆ ಆಗುತ್ತಿಲ್ಲ.

ಗ್ರಂಥಪಾಲಕರ ವಿಷಯ ಇನ್ನೂ ತೊಡಕು. ಅವರದು, ದೈಹಿಕ ಶಿಕ್ಷಣ ನಿರ್ದೇಶಕರದು ಅಧ್ಯಾಪಕರಂತೆಯೇ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ವೇತನ ಶ್ರೇಣಿ. ಯುಜಿಸಿಯ 2018ರ ನೇಮಕಾತಿ ನಿಯಮಾವಳಿಯ ಹೆಸರಿನಲ್ಲೇ ‘ಶಿಕ್ಷಕರು ಮತ್ತು ಇತರ ಶೈಕ್ಷಣಿಕ ಸಿಬ್ಬಂದಿ’ ಎಂಬ ಅರ್ಥದ ಮಾತಿದೆ. ಅಲ್ಲಿಯೂ ‘ಇತರ’ ಬಂದು ಕೂತಿದೆ ನೋಡಿ. ನಮ್ಮಲ್ಲಿ ಅವರನ್ನು ಒಂದು ವರ್ಷ ಬೋಧಕರ ಪಟ್ಟಿಯಲ್ಲಿ, ಇನ್ನೊಂದು ವರ್ಷ ಬೋಧಕೇತರರ ಪಟ್ಟಿಯಲ್ಲಿ ಹಾಕಿದ್ದಾರೆ. ಆಗಸ್ಟ್ 12 ಗ್ರಂಥಪಾಲಕರ ದಿನ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಹುಟ್ಟಿದ ದಿನ. ಅದರ ಸುದ್ದಿಯನ್ನು ಹಾಳೆಯ ಯಾವ ಭಾಗದಲ್ಲಿ ಹಾಕಬೇಕು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ಹೆಸರು ಮಾತ್ರ ಅಲ್ಲ, ಕ್ರಿಯಾಪದದಲ್ಲೂ ಈ ಭೇದ ಇದೆ. ಇದನ್ನು ಗಮನಿಸಿದ್ದು ನಮ್ಮ ನೋಟೀಸ್ ಬುಕ್ಕಿನಲ್ಲಿ. ವಾಟ್ಸಾಪ್ ಬಂದ ಮೇಲೂ ನಮ್ಮಲ್ಲಿ ಆ ಪುಸ್ತಕ ನಿಂತಿಲ್ಲ. ಉದ್ದನೆಯ ರಿಜಿಸ್ಟರು, ಬೆನ್ನಿಗೆ ಕೆಂಪು ಬಟ್ಟೆ, ಒಳಗೆ ಕಾರ್ಬನ್ನಿನ ಕಲೆ. ಸಿಪಾಯಿ ಅದನ್ನು ಕಂಕುಳಲ್ಲಿಟ್ಟುಕೊಂಡು ಕೋಣೆಯಿಂದ ಕೋಣೆಗೆ ತರುತ್ತಾರೆ. ನಮ್ಮ ಹೆಸರಿನ ಮುಂದೆ ಸಹಿ ಮಾಡಿ ಕೊಡಬೇಕು. ಸುತ್ತು, ಓಲೆ ಕೂಡಿದ ‘ಸುತ್ತೋಲೆ’ಯ ಅರ್ಥ ಅಲ್ಲಿ ಕಣ್ಣಿಗೇ ಕಾಣುತ್ತದೆ. ಹೆಸರುಗಳ ಸಾಲು ಪ್ರಾಚಾರ್ಯರಿಂದ ಶುರುವಾಗಿ ಪುಸ್ತಕ ಹೊತ್ತು ತಂದವರ ಹೆಸರಿಗೆ ಮುಗಿಯುತ್ತದೆ.

ಅದೇ ಪುಸ್ತಕದಲ್ಲಿ ಒಂದೇ ಕಾರ್ಯಕ್ರಮಕ್ಕೆ ಎರಡು ಸಾಲು ಇರುತ್ತವೆ. ಮೊದಲ ಸಾಲು: ‘ಎಲ್ಲ ಬೋಧಕರು ಉಪಸ್ಥಿತರಿದ್ದು ಕಾರ್ಯಕ್ರಮವನ್ನು ಯಶಸ್ವಿಗೊಳಿಸಲು ಕೋರಲಾಗಿದೆ.’ ಅದರ ಕೆಳಗೆ: ‘ಬೋಧಕೇತರ ಸಿಬ್ಬಂದಿ ಬೆಳಿಗ್ಗೆ 8 ಗಂಟೆಗೆ ಕಡ್ಡಾಯವಾಗಿ ಹಾಜರಿರತಕ್ಕದ್ದು.’ ಒಬ್ಬರಿಗೆ ಕೋರಿಕೆ, ಇನ್ನೊಬ್ಬರಿಗೆ ಹುಕುಂ. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ ಎಂದು ನನಗೆ ಗೊತ್ತು. ಹಳೆಯ ನೋಟೀಸು ನೋಡಿ ಹೊಸದು ಬರೆಯುತ್ತಾರೆ, ತಾರೀಖು ಬದಲಾಗುತ್ತದೆ, ಉಳಿದದ್ದು ಹಾಗೇ ಇಳಿಯುತ್ತದೆ. ಎಂಟು ಗಂಟೆಗೆ ಬಂದು ಕುರ್ಚಿ ಹಾಕುವವರಿಗೆ ‘ಬರಬೇಕು’ ಎಂದರೆ ಸಾಕಲ್ಲ? ಲಗ್ನಪತ್ರಿಕೆಯಲ್ಲಿ ‘ದಯಮಾಡಿ ಬರಬೇಕು’ ಎಂದು ಎಲ್ಲರಿಗೂ ಒಂದೇ ಮಾತು ಬರೆಯುತ್ತೇವೆ. ನನ್ನ ಹಾಳೆಯಲ್ಲಿ ‘ತಕ್ಕದ್ದು’ ಬಿಟ್ಟಿದ್ದೇನೆ. ಇದಕ್ಕೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ.

ಪದಕ್ಕೆ ಬದಲು ಪದ ಹುಡುಕುವಾಗ ಮಾತ್ರ ದಾರಿ ಸಿಗುತ್ತಿಲ್ಲ. ಗೆಳೆಯರು ಹೇಳಿದ್ದು, ನನಗೆ ಹೊಳೆದದ್ದು ಎರಡನ್ನೂ ಹೇಳುತ್ತೇನೆ.

‘ಆಡಳಿತ ಸಿಬ್ಬಂದಿ’ ಆಫೀಸಿನ ಒಳಗಿನವರಿಗೆ ಹೊಂದುತ್ತದೆ. ಪ್ರಥಮ ದರ್ಜೆ ಸಹಾಯಕರು, ದ್ವಿತೀಯ ದರ್ಜೆ ಸಹಾಯಕರು, ಅಧೀಕ್ಷಕರು ಅದರಲ್ಲಿ ಬರುತ್ತಾರೆ. ರಸಾಯನಶಾಸ್ತ್ರದ ಲ್ಯಾಬಿನವರು, ಮಾಲಿ ಹೊರಗೆ ಉಳಿಯುತ್ತಾರೆ. ‘ಸಹಾಯಕ ಸಿಬ್ಬಂದಿ’, ‘ಪೂರಕ ಸಿಬ್ಬಂದಿ’ ಎಂದರೆ ಮತ್ತೆ ಅವರು ಇನ್ನೊಬ್ಬರ ನೆರಳಿಗೆ ಬಂದರು. ‘ಕಾಯಕ ಬಂಧುಗಳು’ ಎಂದು ಒಬ್ಬರು ಪ್ರೀತಿಯಿಂದ ಸೂಚಿಸಿದರು. ಶರಣರ ನಾಡು ನಮ್ಮದು, ಆ ಮಾತಿನ ತೂಕ ನಮಗೆ ಗೊತ್ತು. ಅದಕ್ಕೇ ನನಗೆ ಅದು ಬೇಡ ಅನ್ನಿಸಿತು. ಪಾಠ ಮಾಡುವುದೂ ಕಾಯಕವೇ. ಒಂದು ಕಡೆಯವರಿಗೆ ಮಾತ್ರ ಆ ಹೆಸರು ಕೊಟ್ಟರೆ ಭೇದ ಉಳಿಯಿತು. ಅದೂ ಅಲ್ಲದೆ, ಪಗಾರ ಇದ್ದಷ್ಟೇ ಇಟ್ಟು ಹೆಸರು ಮಾತ್ರ ಹಿರಿದು ಮಾಡಿದರೆ ಅವರಿಗೆ ಅದು ತಿಳಿಯದೇ ಇರುವುದಿಲ್ಲ.

‘ಕಾರಕೂನ’ ನಮ್ಮ ಕಡೆಯ ಹಳೆಯ ಮಾತು. ಪಾರಸಿಯಲ್ಲಿ ‘ಕಾರ್’ ಎಂದರೆ ಕೆಲಸ, ‘ಕುನ್’ ಎಂದರೆ ಮಾಡುವವನು. ಎಷ್ಟು ನೇರವಾದ ಪದ! ಆದರೆ ಈಗ ಕರೆದರೆ ಯಾರೂ ಓಗೊಡುವುದಿಲ್ಲ. ಅದು ಕೆಳಗಿನವರ ಹೆಸರು ಎಂಬ ಭಾವನೆ ಗಟ್ಟಿಯಾಗಿದೆ. ಹೀಗೆ ಹೆಸರು ಬದಲಾಗುವುದು ಹೊಸದೇನಲ್ಲ. ಮುಂಬಯಿ ಕಾಲದ ‘ತಲಾಟಿ’ ಗ್ರಾಮ ಲೆಕ್ಕಿಗರಾದರು, ಈಗ ಗ್ರಾಮ ಆಡಳಿತ ಅಧಿಕಾರಿ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಇನ್ನೂ ತಲಾಟಿ ಅನ್ನುತ್ತಾರೆ, ಅದು ಬೇರೆ ಮಾತು. ಬದಲಾವಣೆ ಆಗಬಲ್ಲದು ಎನ್ನುವುದಕ್ಕೆ ಇದನ್ನು ಹೇಳಿದೆ.

‘ನೌಕರ’ ಬಗ್ಗೆ ನನಗೆ ಒಲವು ಇದೆ. ಮಂಗೋಲರ ‘ನೋಕರ್’ ಪಾರಸಿಗೆ ಬಂದು, ಅಲ್ಲಿಂದ ನಮ್ಮಲ್ಲಿಗೆ ಬಂದದ್ದು ಅದು. ಮಂಗೋಲರಲ್ಲಿ ಸಂಗಾತಿ, ಒಡನಾಡಿ ಎಂಬ ಅರ್ಥ. ಪಾರಸಿಯಲ್ಲಿ ಆಳು ಎಂದಾಯಿತು. ನಮ್ಮ ಕಡೆ ಅದು ಮತ್ತೆ ಮೇಲೆ ಬಂದಿದೆ. ಹೆಣ್ಣು ಕೇಳಲು ಬಂದವರು “ಹುಡುಗಗ ನೌಕರಿ ಐತಿ” ಎಂದರೆ ಮನೆಯವರ ಮುಖ ಅರಳುತ್ತದೆ. ಸರ್ಕಾರಿ ನೌಕರರು ಎಂದರೆ ಅಧಿಕಾರಿಯಿಂದ ಹಿಡಿದು ಸಿಪಾಯಿಯವರೆಗೆ ಎಲ್ಲರೂ ಬಂದರು. ‘ಕಾಲೇಜಿನ ನೌಕರರಿಗೆ’ ಎಂದು ಹಾಕಿದರೆ ಹೇಗೆ? ನಮ್ಮ ಅಧ್ಯಾಪಕರಲ್ಲಿ ಕೆಲವರಿಗೆ ಇದು ಒಗ್ಗಲಿಲ್ಲ. ನಾವು ನೌಕರರಲ್ಲ, ಗುರುಗಳು ಎಂದರು. ಅವರ ಮಾತಿನಲ್ಲೂ ಹುರುಳಿದೆ, ತಳ್ಳಿಹಾಕಲು ಆಗುವುದಿಲ್ಲ.

ಸುಮ್ನೆ ‘ಸಿಬ್ಬಂದಿ’ ಎಂದು ಬಿಟ್ಟರೆ? ಪದದ ಅರ್ಥಕ್ಕೆ ಅದೇ ಸರಿ. ಆದರೆ ಕಾಲೇಜುಗಳಲ್ಲಿ ‘ಅಧ್ಯಾಪಕರು ಮತ್ತು ಸಿಬ್ಬಂದಿ’ ಎಂದು ಹೇಳಿ ಹೇಳಿ, ಸಿಬ್ಬಂದಿ ಎಂದರೆ ಆಫೀಸಿನವರು ಎಂಬ ಅರ್ಥ ಕೂತುಬಿಟ್ಟಿದೆ. ‘ಸಿಬ್ಬಂದಿ ಸಭೆ’ ಎಂದು ವಾಟ್ಸಾಪಿನಲ್ಲಿ ಹಾಕಿದರೆ “ನಾವೂ ಬರಬೇಕೇನ್ರಿ?” ಎಂದು ಇಬ್ಬರು ಉಪನ್ಯಾಸಕರಾದರೂ ಕೇಳುತ್ತಾರೆ. ಅತಿಥಿ ಉಪನ್ಯಾಸಕರಿಗಂತೂ ತಾವು ಯಾವ ಪಟ್ಟಿಯಲ್ಲಿ ಇದ್ದೇವೆ ಎಂಬುದೇ ಅನುಮಾನ. ಪಾಠ ಎಲ್ಲರಷ್ಟೇ ಮಾಡುತ್ತಾರೆ, ನೋಟೀಸ್ ಬುಕ್ಕಿನಲ್ಲಿ ಅವರ ಹೆಸರು ಪೆನ್ಸಿಲಿನಲ್ಲಿ ಇರುತ್ತದೆ.

ತಲೆಬರಹಕ್ಕೆ ‘ಕಾಲೇಜು ಬಳಗದ ಸುದ್ದಿ’ ಎಂದು ಸದ್ಯ ಬರೆದಿಟ್ಟಿದ್ದೇನೆ. ಬಳಗ ನಮ್ಮದೇ ಪದ, ಮೇಲು ಕೆಳಗು ಇಲ್ಲ, ಕಿವಿಗೂ ಹಿತ. ಆದರೆ ಅದರಲ್ಲಿ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಬರುತ್ತಾರಲ್ಲ ಎಂಬ ಪ್ರಶ್ನೆ ಬಂದಿದೆ.

ಮತ್ತೆ, ಎರಡು ಗುಂಪು ಮಾಡಿ ಹೇಳಲೇಬೇಕಾದ ಸಂದರ್ಭಗಳೂ ಇವೆ. ಬೇಸಿಗೆ ಸೂಟಿ ಅಧ್ಯಾಪಕರಿಗೆ ಇದೆ, ಆಫೀಸಿನವರಿಗೆ ಇಲ್ಲ. ಅವರದು ಗಳಿಕೆ ರಜೆಯ ಲೆಕ್ಕ. ವೇತನ ಶ್ರೇಣಿಯೂ ಬೇರೆ ಬೇರೆ. ಇಂಥ ಕಡೆ ‘ಬೇಸಿಗೆಯಲ್ಲೂ ಕೆಲಸದಲ್ಲಿ ಇರುವವರು’ ಎಂದು ಬಿಡಿಸಿ ಬರೆದು ನೋಡಿದೆ. ಅರ್ಥ ಸ್ಪಷ್ಟ, ಆದರೆ ಉದ್ದವಾಯಿತು. ಜಂಟಿ ನಿರ್ದೇಶಕರ ಕಚೇರಿಗೆ ಹೋಗುವ ಕಾಗದದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಇಲಾಖೆಯ ಪದವನ್ನೇ ಬಳಸಬೇಕು. ನನ್ನ ಪ್ರಶ್ನೆ ನಮ್ಮ ನಮ್ಮಲ್ಲೇ ಓದಿಕೊಳ್ಳುವ ಹಾಳೆಯ ಬಗ್ಗೆ.

ಇನ್ನೊಂದು ಸಣ್ಣ ಸಂಗತಿ. ‘ಬರುವ ಸೋಮವಾರ’ ಮತ್ತು ‘ಮುಂದಿನ ಸೋಮವಾರ’ ನಿಮ್ಮ ಕಡೆ ಒಂದೇ ಅರ್ಥ ಕೊಡುತ್ತವೆಯೇ? ನಮ್ಮಲ್ಲಿ ‘ಬರುವ’ ಎಂದರೆ ತೀರಾ ಹತ್ತಿರದ ಸೋಮವಾರ. ‘ಮುಂದಿನ’ ಎಂದರೆ ಅದನ್ನು ಬಿಟ್ಟು ಆಚೆಯದು ಎಂದು ತಿಳಿಯುವವರು ಜಾಸ್ತಿ. ಗೊಂದಲ ಬೇಡ ಎಂದು ನಾನು ತಾರೀಖು ಹಾಕುತ್ತೇನೆ.

ಹಾವೇರಿ, ಹುಬ್ಬಳ್ಳಿ, ಧಾರವಾಡದ ಕಾಲೇಜುಗಳಲ್ಲಿ ಇರುವವರು ನಿಮ್ಮ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯ ಕೆಳಗಿನ ಸಾಲು ನೋಡಿ ಹೇಳಿ. ‘ಬೋಧಕ ಹಾಗೂ ಬೋಧಕೇತರ ಸಿಬ್ಬಂದಿ ವರ್ಗ’ ಎಂದೇ ಇದೆಯೇ, ಬೇರೆ ಏನಾದರೂ ಇದೆಯೇ? ಹಿರಿಯರ ಹತ್ತಿರ 1960, 70ರ ದಶಕದ ಪತ್ರಿಕೆಗಳು, ಕಾಲೇಜು ಸಂಚಿಕೆಗಳು ಇದ್ದರೆ ಅವುಗಳಲ್ಲಿ ಈ ಮಾತು ಇತ್ತೇ ಎಂದು ದಯವಿಟ್ಟು ನೋಡಿ. ಆಗ ‘ಕಚೇರಿಯವರು’ ಎಂದು ಬರೆಯುತ್ತಿದ್ದರೋ, ಒಬ್ಬೊಬ್ಬರ ಹೆಸರನ್ನೇ ಹಾಕುತ್ತಿದ್ದರೋ ತಿಳಿದರೆ ನನಗೆ ದಾರಿ ಸಿಗುತ್ತದೆ. ಮುಖ್ಯವಾಗಿ, ಆಫೀಸಿನಲ್ಲಿ, ಲ್ಯಾಬಿನಲ್ಲಿ, ಲೈಬ್ರರಿಯಲ್ಲಿ ಕೆಲಸ ಮಾಡುವ ಯಾರಾದರೂ ಇಲ್ಲಿದ್ದರೆ ಅವರೇ ಬರೆಯಬೇಕು. ನಿಮ್ಮನ್ನು ಏನೆಂದು ಕರೆದರೆ ನಿಮಗೆ ಸರಿ ಅನ್ನಿಸುತ್ತದೆ?

ಮುಂದಿನ ಹಾಳೆ ಸೆಪ್ಟೆಂಬರಿನದು. 5ರಂದು ಶಿಕ್ಷಕರ ದಿನ, 24ರಂದು ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ದಿನ, ನಡುವೆ ಲ್ಯಾಬಿನ ಹಿರಿಯರೊಬ್ಬರ ನಿವೃತ್ತಿಯ ಬೀಳ್ಕೊಡುಗೆ. ಆಗಸ್ಟ್ ಕೊನೆಯ ವಾರ ಅಚ್ಚಿಗೆ ಕೊಡಬೇಕು. ಅದರೊಳಗೆ ಉತ್ತರ ಬಂದರೆ ಅನುಕೂಲ.