ಕ್ಲಚ್ ಕೆಲಸಕ್ಕೆ ಲೇಬರ್ 6,800 ಅಂತಾರೆ, ಇದು ನ್ಯಾಯವಾ? ಅನುಭವ ಇದ್ದವರು ಹೇಳಿ

ಮೈಸೂರು ಸ್ವಿಫ್ಟ್:
ನಮಸ್ಕಾರ ಎಲ್ಲರಿಗೂ. ನನ್ನದು 2015ರ ಡೀಸೆಲ್ ಸ್ವಿಫ್ಟ್, 1,12,000 ಕಿ.ಮೀ. ಓಡಿದೆ. ಕ್ಲಚ್ ಪೆಡಲ್ ಪೂರ್ತಿ ಮೇಲೆ ಬಂದಾಗಷ್ಟೇ ಹಿಡಿಯುತ್ತಿದೆ, ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಕ್ಲಚ್ ಸೆಟ್ 9,400. ಲೇಬರ್ 6,800, ಅದರ ಮೇಲೆ 18% ಜಿಎಸ್‌ಟಿ 1,224. ಬರೀ ಕೈಕೆಲಸಕ್ಕೇ 8,024 ಆಯ್ತು. ಮನೆ ಹತ್ತಿರದ ಗ್ಯಾರೇಜಿನವರು ಲೇಬರ್ 3,000 ಸಾಕು ಅಂತಾರೆ, ಆದರೆ ಬಿಲ್ ಕೊಡಲ್ಲ. ಒಂದೇ ಕೆಲಸಕ್ಕೆ ಇಷ್ಟು ವ್ಯತ್ಯಾಸ ಯಾಕೆ? ಯಾವ ಕಡೆ ಹೋಗಲಿ?

ಹಾಸನದ ಇಕೋ:
ಸರ್, ದಯವಿಟ್ಟು 3,000ಕ್ಕೆ ಮರುಳಾಗಬೇಡಿ. ನನಗೆ ಆಗಿದ್ದು ಹೇಳ್ತೀನಿ. ಹೊರಗಿನ ಗ್ಯಾರೇಜಿನಲ್ಲಿ ಕ್ಲಚ್ ಹಾಕಿಸಿದೆ. ಸೆಟ್ 8,400, ಲೇಬರ್ 2,500, ಒಟ್ಟು 10,900. ಸರ್ವಿಸ್ ಸೆಂಟರಿಗಿಂತ ಕಡಿಮೆ ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ಮುಂದಿನ ಮಳೆಗಾಲದಲ್ಲಿ ಧರ್ಮಸ್ಥಳದಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತುತ್ತಿದ್ದೆವು. ಕ್ಲಚ್ ಸ್ಲಿಪ್ ಆಗಿ ಗಾಡಿ ನಿಂತೇ ಹೋಯ್ತು. ಹಿಂದೆ ಲಾರಿಗಳ ಸಾಲು, ಕಾರಿನಲ್ಲಿ ಅಮ್ಮ, ಚಿಕ್ಕ ಮಗು.

ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ (ಎಂಜಿನ್ ಎಣ್ಣೆ ಕ್ಲಚ್ ಕಡೆ ಜಿನುಗದ ಹಾಗೆ ತಡೆಯೋದು) ಹಳೆಯದೇ ಇದೆ. ಎಣ್ಣೆ ಜಿನುಗಿ ಹೊಸ ಕ್ಲಚ್ ಪ್ಲೇಟಿಗೆ ಮೆತ್ತಿಕೊಂಡಿದೆ. ಸೀಲ್ ಬೆಲೆ ಬರೀ 380! ಅದನ್ನು ಮೊದಲೇ ಹಾಕದ ತಪ್ಪಿಗೆ ಟೋಯಿಂಗ್ 5,500, ಪ್ಲೇಟ್ 3,900, ಸೀಲ್ 380, ಗೇರ್ ಆಯಿಲ್ 1,100, ಲೇಬರ್ ಮತ್ತೆ 2,500. ಎರಡನೇ ಸಲ 13,380. ಮೊದಲಿನದೂ ಸೇರಿದರೆ 24,280. ಮೊದಲು ಮಾಡಿದ ಮೆಕ್ಯಾನಿಕ್ ಹತ್ತಿರ ಹೋದರೆ "ನಾನು ಹಾಕುವಾಗ ಲೀಕ್ ಇರಲಿಲ್ಲ" ಅಂದ. ಬಿಲ್ ಇಲ್ಲ, ಯಾರನ್ನ ಕೇಳೋದು? ಈಗ ನಾನು ಕಂಪನಿ ಸರ್ವಿಸ್ ಸೆಂಟರ್ ಬಿಟ್ಟು ಬೇರೆ ಕಡೆ ಬಾನೆಟ್ ತೆಗೆಯೋಕೂ ಬಿಡಲ್ಲ.

ಗ್ಯಾರೇಜ್ ಮಗಳು, ದಾವಣಗೆರೆ:
ಒಬ್ಬ ಮೆಕ್ಯಾನಿಕ್ ಸೀಲ್ ಹಾಕಲಿಲ್ಲ ಅಂತ ಹೊರಗಿನ ಗ್ಯಾರೇಜಿನವರೆಲ್ಲ ಕಳ್ಳರಾ ಸರ್? ನಮ್ಮಪ್ಪ ಗ್ಯಾರೇಜ್ ಇಟ್ಟು ಮೂವತ್ತು ವರ್ಷದ ಮೇಲಾಯ್ತು. ಲೆಕ್ಕ ಬರೆಯೋದು ನಾನೇ. ಕೇಳಿ. ತಿಂಗಳಿಗೆ ಶೆಡ್ ಬಾಡಿಗೆ 18,000. ಇಬ್ಬರು ಮೆಕ್ಯಾನಿಕ್ ಸಂಬಳ 44,000. ಹೆಲ್ಪರ್ ಹುಡುಗನಿಗೆ 11,000. ಕರೆಂಟು 6,500. ಗಾಡಿಯ ದೋಷ ಹುಡುಕೋ ಸ್ಕ್ಯಾನರ್ ಅಪ್‌ಡೇಟಿಗೆ ವರ್ಷಕ್ಕೆ 24,000, ಅಂದರೆ ತಿಂಗಳಿಗೆ 2,000. ಒಟ್ಟು 81,500. ಇದರಲ್ಲಿ ಅಪ್ಪನ ಸಂಬಳ ಇಲ್ಲ.

ಇಬ್ಬರು ಸೇರಿ ತಿಂಗಳಿಗೆ ನಾನೂರು ಗಂಟೆ ಗ್ಯಾರೇಜಿನಲ್ಲಿ ಇರ್ತಾರೆ. ಆದರೆ ದುಡ್ಡು ಬರೋ ಕೆಲಸ 250 ಗಂಟೆ ಸಿಕ್ಕರೆ ದೊಡ್ಡದು. ಉಳಿದ ಹೊತ್ತು ಪಾರ್ಟ್ಸಿಗೆ ಅಲೆದಾಟ, ಟ್ರಯಲ್, ತುಕ್ಕು ಹಿಡಿದ ಬೋಲ್ಟ್ ಜೊತೆ ಗುದ್ದಾಟ. 81,500ನ್ನ 250ರಿಂದ ಭಾಗಿಸಿ. ಗಂಟೆಗೆ 326 ಬರೀ ಬಾಗಿಲು ತೆರೆದಿಡೋಕೆ ಬೇಕು. ಕ್ಲಚ್ ಅಂದ್ರೆ ಗೇರ್‌ಬಾಕ್ಸ್ ಇಳಿಸಿ ಏರಿಸೋ ಕೆಲಸ, ಆರು ಗಂಟೆ. ಅಲ್ಲಿಗೆ ಸುಮಾರು 1,950 ನಮ್ಮ ಅಸಲು. ಇನ್ನು 3,000 ತಗೊಂಡರೆ ಅದು ಸುಲಿಗೆ ಆಗುತ್ತಾ?

ಸೀಲ್ ವಿಷಯ. ಗೇರ್‌ಬಾಕ್ಸ್ ಇಳಿಸಿದಾಗ ಆ ಸೀಲ್ ಹಾಕೋಣ ಅಂತ ನಾವು ಹೇಳ್ತೀವಿ. "ಕ್ಲಚ್ ಅಷ್ಟೇ ಹಾಕಿ, ಸುಮ್ನೆ ಖರ್ಚು ಏರಿಸಬೇಡಿ" ಅನ್ನೋ ಗಿರಾಕಿಗಳೇ ಜಾಸ್ತಿ.

ಹಾಸನದ ಇಕೋ:
ಮೇಡಂ, ನನ್ನನ್ನ ಯಾರೂ ಕೇಳಲೇ ಇಲ್ಲ. ಕೇಳಿದ್ದರೆ 380 ರೂಪಾಯಿಗೆ ಬೇಡ ಅಂತಿದ್ನಾ? ನಡುರಸ್ತೆಯಲ್ಲಿ ಮಳೆಯಲ್ಲಿ ನಿಂತವನು ನಾನು. ಗೊತ್ತಿಲ್ಲದೆ ತಪ್ಪು ನನ್ನ ಮೇಲೆ ಹಾಕಬೇಡಿ.

ವೈಟ್‌ಫೀಲ್ಡ್ ವಾಸಿ:
ಸರ್ವಿಸ್ ಸೆಂಟರ್ ನಂಬೋರು ಇದನ್ನೂ ಓದಿ. ಕ್ಲಚ್ ಗಿಚ್ ಏನೂ ಇಲ್ಲ, ಬರೀ 40,000 ಕಿ.ಮೀ. ಸರ್ವಿಸ್. ಎಸ್ಟಿಮೇಟ್ 21,300 ಬಂತು. ಪ್ರತಿ ಸಾಲನ್ನೂ ಓದಿದೆ. ಎಸಿ ಎವಾಪೊರೇಟರ್ ಕ್ಲೀನಿಂಗ್ 1,450. ಎಂಜಿನ್ ಡಿಕಾರ್ಬನೈಸಿಂಗ್ 1,800. ಅಂಡರ್‌ಬಾಡಿ ಕೋಟಿಂಗ್ 3,900. ಥ್ರಾಟಲ್ ಬಾಡಿ ಕ್ಲೀನಿಂಗ್ 950. ಒಳಗೆ ಕ್ರಿಮಿನಾಶಕ ಸ್ಪ್ರೇ 600. ಒಟ್ಟು 8,700, ಟ್ಯಾಕ್ಸ್ ಸೇರಿ 10,266. ಕಾರಿನ ಜೊತೆ ಬಂದ ಮ್ಯಾನುಯಲ್ ತೆಗೆದು 40,000ದ ಪುಟ ತೋರಿಸಿದೆ. ಈ ಐದರಲ್ಲಿ ಒಂದೂ ಅಲ್ಲಿಲ್ಲ. ಎಸ್ಟಿಮೇಟ್ ಹಾಕೋ ಸರ್ವಿಸ್ ಅಡ್ವೈಸರ್ ಮಾತಾಡದೆ ಎಲ್ಲಾ ತೆಗೆದ. 11,034ಕ್ಕೆ ಕೆಲಸ ಮುಗೀತು.

ನನ್ನ ಕೋಪ ರೇಟಿನ ಮೇಲಲ್ಲ. ಕೇಳಿದ ಕೂಡಲೇ ಅರ್ಧ ಬಿಲ್ ತೆಗೆಯೋಕೆ ಆಗುತ್ತೆ ಅಂದ್ರೆ ಅದನ್ನ ಹಾಕಿದ್ದೇ ಯಾಕೆ? ನಮ್ಮ ಮಾವನಂಥವರು ಮ್ಯಾನುಯಲ್ ಓದಲ್ಲ, ತೋರಿಸಿದ ಕಡೆ ಸಹಿ ಹಾಕ್ತಾರೆ. ಅವರ ಬಿಲ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಅಡ್ವೈಸರ್‌ಗೆ ಇಂಥ ಕೆಲಸ ಮಾರೋ ಟಾರ್ಗೆಟ್ ಇರುತ್ತೆ, ಅದು ಅವನೇ ಹೇಳಿದ ಮಾತು.

ಯಶವಂತಪುರ ಟ್ಯಾಕ್ಸಿ:
ಅಣ್ಣಾ, ನಮ್ಮದು ಎಟಿಯೋಸ್ ಡೀಸೆಲ್, 3,40,000 ಕಿ.ಮೀ. ದಾಟಿದೆ. ವಾರಂಟಿ ಮುಗಿದ ಮೇಲೆ ಸರ್ವಿಸ್ ಸೆಂಟರ್ ಕಡೆ ತಲೆ ಹಾಕಿಲ್ಲ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಪಾರ್ಟ್ಸ್ ಅಂಗಡಿಗಳಿಗೆ ಹೋಗ್ತೀನಿ, ಪಾರ್ಟ್ ನಂಬರ್ ಹೇಳಿ ಒರಿಜಿನಲ್ ತರ್ತೀನಿ, ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಹಾಕಿಸ್ತೀನಿ. ಕಳೆದ ಸಲ ಕ್ಲಚ್ ಸೆಟ್ಟಿಗೆ ಗ್ಯಾರೇಜಿನವನು 8,600 ಹೇಳಿದ. ಜೆ.ಸಿ. ರಸ್ತೆಯಲ್ಲಿ ಅದೇ ಡಬ್ಬ, ಅದೇ ಹೋಲೋಗ್ರಾಂ, 6,900. ಲೇಬರ್ 2,800 ಕೊಟ್ಟೆ. 1,700 ಉಳೀತು. ನಮ್ಮಂಥವರಿಗೆ ಅದು ಒಂದು ದಿನದ ದುಡಿಮೆ. ಒಂದು ದಿನ ಗಾಡಿ ನಿಂತರೆ ಇಎಂಐ ನಿಲ್ಲಲ್ಲ. ಲೇಬರ್ ಬಗ್ಗೆ ಯಾಕೆ ಇಷ್ಟು ಚರ್ಚೆ? ಪಾರ್ಟಿನಲ್ಲಿ ನೋಡ್ಕೊಳ್ಳಿ.

ಗ್ಯಾರೇಜ್ ಮಗಳು, ದಾವಣಗೆರೆ:
ಅಣ್ಣ, ನಿಮ್ಮ ದುಡಿಮೆ ಬಗ್ಗೆ ಗೌರವ ಇದೆ. ಆದರೆ ಆ 1,700 ಗ್ಯಾರೇಜಿನವನ ದುಡಿಮೆ. ಲೇಬರ್ ಕಡಿಮೆ ಇಟ್ಟಿರೋದೇ ಪಾರ್ಟಿನಲ್ಲಿ ನಾಕು ಕಾಸು ಸಿಗುತ್ತೆ ಅಂತ. ನೀವು ಪಾರ್ಟ್ ತಂದು ಕೊಟ್ಟು ಲೇಬರ್ ಮಾತ್ರ ಹಳೇ ರೇಟು ಅಂದ್ರೆ ಹೇಗೆ? ಇನ್ನೊಂದು, ನೀವು ತಂದ ಕ್ಲಚ್ ಸೆಟ್ಟಿನ ಬೇರಿಂಗ್ ಹದಿನೈದು ದಿನಕ್ಕೆ ಕೂಗಿದರೆ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು. ಆ ಲೇಬರ್ ಯಾರು ಕೊಡ್ತಾರೆ? ಪಾರ್ಟ್ ನಮ್ಮದಾದರೆ ನಾವೇ ಸುಮ್ಮನೆ ಮಾಡಿಕೊಡ್ತೀವಿ, ಮಾಡಿಕೊಟ್ಟಿದ್ದೀವಿ.

ಯಶವಂತಪುರ ಟ್ಯಾಕ್ಸಿ:
ಯಾವ ಗ್ಯಾರೇಜಿನವನೂ ನನಗೆ ಹಾಗೆ ಮಾಡಿಕೊಟ್ಟಿಲ್ಲ ತಾಯಿ. ಮುಂದಿನ ಚಕ್ರದ ಲೋವರ್ ಆರ್ಮ್ ಬುಷ್ (ರಬ್ಬರ್) ಅವರ ಹತ್ತಿರವೇ ತಗೊಂಡು ಹಾಕಿಸಿದ್ದು, ಎರಡು ತಿಂಗಳಿಗೆ ಟಕ್ ಟಕ್ ಶುರು. "ರೋಡ್ ಸರಿ ಇಲ್ಲ" ಅಂದ್ರು. ಮತ್ತೆ 1,600 ಕೊಟ್ಟೆ. ನಿಮ್ಮಪ್ಪ ಒಳ್ಳೆಯವರಿರಬಹುದು. ಎಲ್ಲರೂ ನಿಮ್ಮಪ್ಪ ಅಲ್ಲ.

ಸನ್ನಿವೇಲ್ ಕನ್ನಡಿಗ:
ಕ್ಯಾಲಿಫೋರ್ನಿಯಾದಿಂದ ಬರೀತಿದ್ದೀನಿ. ಇಲ್ಲಿ ನಾನು ಹೋಗೋ ಡೀಲರ್ ಹತ್ತಿರ ಲೇಬರ್ ಗಂಟೆಗೆ 210 ಡಾಲರ್. ಮುಂದಿನ ಬ್ರೇಕ್ ಪ್ಯಾಡು, ರೋಟರ್ ಬದಲಾಯಿಸೋಕೆ ಲೇಬರ್ ಒಂದೇ 380 ಡಾಲರ್ ಆಯ್ತು. ಇಲ್ಲಿ ಗಂಟೆ ಅಂದ್ರೆ ಗಡಿಯಾರದ ಗಂಟೆ ಅಲ್ಲ, ಆ ಕೆಲಸಕ್ಕೆ ಇಷ್ಟು ಗಂಟೆ ಅಂತ ಪುಸ್ತಕದಲ್ಲಿ ಇರುತ್ತೆ. ಮೆಕ್ಯಾನಿಕ್ ಬೇಗ ಮುಗಿಸಿದರೂ ಪುಸ್ತಕದ ಗಂಟೆಗೇ ದುಡ್ಡು. ಇದರಿಂದ ನನಗೆ ತುಂಬಾ ನೋವಾಗಿದೆ, ನಿಜ.

ಆದರೆ ಈ ರಾಜ್ಯದಲ್ಲಿ ಕಾನೂನು ಇದೆ. ಕೆಲಸ ಶುರು ಮಾಡೋ ಮೊದಲು ಎಸ್ಟಿಮೇಟ್ ಬರೆದು ಕೊಡಬೇಕು. ಅದಕ್ಕಿಂತ ಜಾಸ್ತಿ ಆಗೋದಾದರೆ ನನ್ನ ಒಪ್ಪಿಗೆ ಬೇಕು. ಮೊದಲೇ ಕೇಳಿದ್ದರೆ ಬಿಚ್ಚಿದ ಹಳೇ ಪಾರ್ಟ್ ವಾಪಸ್ ಕೊಡಬೇಕು. ನೀವೂ ಹಳೇ ಕ್ಲಚ್ ಪ್ಲೇಟ್ ಕೇಳಿ ತಗೊಳ್ಳಿ. 6,800 ರೂಪಾಯಿ ಅಂದ್ರೆ 100 ಡಾಲರ್ ಒಳಗೆ. ಇಲ್ಲಿ ಅಷ್ಟಕ್ಕೆ ಅರ್ಧ ಗಂಟೆಯ ಕೆಲಸವೂ ಆಗಲ್ಲ.

ಹಾಸನದ ಇಕೋ:
ಡಾಲರ್ ಲೆಕ್ಕ ಇಲ್ಲಿ ಯಾಕೆ ಸರ್? ಸಂಬಳವೂ ಡಾಲರ್‌ನಲ್ಲಿ ಬಂದರೆ ನಾವೂ ಕೊಡ್ತಿದ್ವಿ. ಹಳೇ ಪಾರ್ಟ್ ಕೇಳೋ ಮಾತು ಮಾತ್ರ ಸರಿ.

ಸನ್ನಿವೇಲ್ ಕನ್ನಡಿಗ:
ನಾನು ಹೋಲಿಸಿ ದೊಡ್ಡಸ್ತಿಕೆ ತೋರಿಸೋಕೆ ಬಂದಿಲ್ಲ. ಅರಸೀಕೆರೆಯಲ್ಲಿ ನಮ್ಮಣ್ಣನ ಕಾರ್ ರಿಪೇರಿ ಖರ್ಚು ಕೊಡೋನು ನಾನೇ. ಅಲ್ಲಿನ ರೇಟೂ ನನಗೆ ಗೊತ್ತು.

ಧಾರವಾಡದ ವಕೀಲ:
ನೋಡ್ರಿ, ಎಲ್ಲರೂ ರೇಟಿನ ಹಿಂದೆ ಬಿದ್ದಿದ್ದೀರಿ. ರೇಟು ಹೆಚ್ಚಾಗಲು ಒಂದು ಕಾರಣ ಸ್ಪರ್ಧೆ ಇಲ್ಲದಿರುವುದು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಒರಿಜಿನಲ್ ಸ್ಪೇರ್ಸ್, ದೋಷ ಪತ್ತೆ ಮಾಡುವ ಉಪಕರಣ ಇವೆಲ್ಲ ಹೊರಗಿನ ಗ್ಯಾರೇಜಿಗೆ ಸಲೀಸಾಗಿ ಸಿಗದ ಹಾಗೆ ಮಾಡಿದ್ದಾರೆ ಎಂಬುದು ಆರೋಪ. ಅದು ಅಪೀಲಿಗೂ ಹೋಯಿತು. ಆದರೆ ಆಯೋಗ ಹೇಳಿದ್ದನ್ನು ಪ್ರತಿಯೊಬ್ಬ ಕಾರು ಮಾಲೀಕ ತಿಳಿದಿರಬೇಕು.

ಇನ್ನು ಬಿಲ್ ಕೊಡದ ವಿಷಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾಡಿದ ಕೆಲಸಕ್ಕೆ ಬಿಲ್ ಅಥವಾ ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ನನ್ನ ಕಾರಿಗೆ ಹಾಕದ ಬ್ರೇಕ್ ಪ್ಯಾಡಿಗೆ ಒಂದು ಸರ್ವಿಸ್ ಸೆಂಟರ್ 4,200 ಹಾಕಿತ್ತು. ಚಕ್ರ ಬಿಚ್ಚಿಸಿ ಫೋಟೋ ತೆಗೆದೆ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಹಣ ವಾಪಸ್ ಬಂತು. ನನ್ನ ಕೈಯಲ್ಲಿ ಬಿಲ್ ಇತ್ತು, ಅದಕ್ಕೇ ಬಂತು.

ಗ್ಯಾರೇಜ್ ಮಗಳು, ದಾವಣಗೆರೆ:
ವಕೀಲರು ಹೇಳಿದ ಮೊದಲನೇ ಮಾತು ನೂರಕ್ಕೆ ನೂರು ನಿಜ. ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳು ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಬ್ಲಾಕ್ ಆಗಿ ಬರ್ತವೆ. ನಮ್ಮ ಸ್ಕ್ಯಾನರ್ ದೋಷದ ಕೋಡ್ ತೋರಿಸುತ್ತೆ, ಆದರೆ ಕೆಲವು ಗಾಡಿಗಳಲ್ಲಿ ಮುಂದಿನ ಕೆಲಸಕ್ಕೆ ಗಾಡಿಯ ಸಾಫ್ಟ್‌ವೇರ್ ಒಳಗೇ ಬಿಡಲ್ಲ. ಗಿರಾಕಿಯನ್ನ ನಾವೇ ಸರ್ವಿಸ್ ಸೆಂಟರಿಗೆ ಕಳಿಸಬೇಕು. ಅಪ್ಪನಿಗೆ ಅದಕ್ಕಿಂತ ದೊಡ್ಡ ಬೇಜಾರು ಇಲ್ಲ. ಎಂಜಿನ್ ಸದ್ದು ಕೇಳಿ ಯಾವ ಇಂಜೆಕ್ಟರ್ ಕೆಟ್ಟಿದೆ ಅಂತ ಹೇಳೋ ಮನುಷ್ಯ.

ಬಿಲ್ ವಿಷಯ ಮಾತ್ರ ಒಂದೇ ಏಟಿಗೆ ತೀರ್ಪು ಕೊಡಬೇಡಿ. ನಾವು ಬಿಲ್ ಕೊಡ್ತೀವಿ. 18% ಸೇರಿಸಿ ತೋರಿಸಿದರೆ "ಟ್ಯಾಕ್ಸ್ ಬೇಡ, ಚೀಟಿಯಲ್ಲಿ ಬರೆದುಕೊಡಿ" ಅಂತಾರೆ. ಆಮೇಲೆ ಅವರೇ ಬಿಲ್ ಕೊಡಲಿಲ್ಲ ಅಂತಾರೆ.

ವೈಟ್‌ಫೀಲ್ಡ್ ವಾಸಿ:
ನಾನು ಯಾವತ್ತೂ ಹಾಗೆ ಕೇಳಿಲ್ಲ. ಟ್ಯಾಕ್ಸ್ ಕೊಟ್ಟೇ ಬಿಲ್ ಕೇಳ್ತೀನಿ. ಅಂದ ಹಾಗೆ, 2025ರ ಸೆಪ್ಟೆಂಬರ್ 22ರಿಂದ ಪಾರ್ಟ್ಸ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೇ ಎಂಆರ್‌ಪಿ ಹಾಕಿದ್ದಾರಾ ನೋಡಿ. ನನಗೆ ಒಂದು ಪಾರ್ಟಿಗೆ ಹಳೇ ರೇಟೇ ಹಾಕಿದ್ರು, ಕೇಳಿದ ಮೇಲೆ ತಿದ್ದಿದ್ರು.

ಮೈಸೂರು ಸ್ವಿಫ್ಟ್:
ಎಲ್ಲರಿಗೂ ಧನ್ಯವಾದ. ಆದರೆ ನನ್ನ ಪ್ರಶ್ನೆ ಅಲ್ಲೇ ಉಳೀತು. 6,800 ಲೇಬರ್‌ನಲ್ಲಿ ಸೀಲ್ ಹಾಕೋದು, ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿ ಹಿಡಿಯೋ ಎಂಜಿನ್ ಕಡೆಯ ಚಕ್ರ) ನೋಡೋದು ಸೇರಿದೆಯಾ? ಎಸ್ಟಿಮೇಟ್‌ನಲ್ಲಿ "ಕ್ಲಚ್ ಓವರ್‌ಹಾಲ್" ಅಂತ ಅಷ್ಟೇ ಇದೆ.

ಗ್ಯಾರೇಜ್ ಮಗಳು, ದಾವಣಗೆರೆ:
ಸೀಲ್ ಹಾಕೋಕೆ ಬೇರೆ ಲೇಬರ್ ಕೇಳಿದರೆ ಕೊಡಬೇಡಿ ಅಂತಾರೆ ಅಪ್ಪ. ಗೇರ್‌ಬಾಕ್ಸ್ ಹೇಗೂ ಇಳಿದಿರುತ್ತೆ. ಕ್ರ್ಯಾಂಕ್ ಹಿಂದಿನ ಸೀಲು, ರಿಲೀಸ್ ಬೇರಿಂಗ್, ಗೇರ್ ಆಯಿಲ್, ಮೂರೂ ಜಾಬ್ ಕಾರ್ಡಿನಲ್ಲಿ (ಮಾಡೋ ಕೆಲಸದ ಪಟ್ಟಿ) ಹೆಸರು ಹಿಡಿದು ಬರೆಸಿ. ಫ್ಲೈವೀಲ್ ಮೇಲೆ ಸುಟ್ಟ ಕಲೆ ಇದ್ದರೆ ಫೋಟೋ ಕಳಿಸೋಕೆ ಹೇಳಿ. ಮನೆ ಹತ್ತಿರದ ಗ್ಯಾರೇಜಿನಲ್ಲೂ ಇದನ್ನೇ ಕೇಳಿ, ಇದೆಲ್ಲ ಸೇರಿಸಿ ಎಷ್ಟು ಅಂತ. 3,000 ಅಲ್ಲೇ ನಿಲ್ಲಲ್ಲ, 3,500 ಆಗಬಹುದು.

ಹಾಸನದ ಇಕೋ:
ಅಷ್ಟು ಕೇಳಿದರೂ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡ್ತಾರಾ ಅದನ್ನ ಹೇಳಿ ಮೇಡಂ. ನನಗೆ ಬೇಕಾಗಿದ್ದು ಅದೊಂದೇ.

ಗ್ಯಾರೇಜ್ ಮಗಳು, ದಾವಣಗೆರೆ:
ನಾವು ಕೊಡ್ತೀವಿ. ಕ್ಲಚ್ ಕೆಲಸಕ್ಕೆ ಆರು ತಿಂಗಳು ಅಥವಾ 10,000 ಕಿ.ಮೀ., ಪಾರ್ಟ್ ನಮ್ಮದಾದರೆ.

ಯಶವಂತಪುರ ಟ್ಯಾಕ್ಸಿ:
ಮತ್ತೆ ಅದೇ ಷರತ್ತು ನೋಡಿ! ಪಾರ್ಟ್ ನಮ್ಮದಾದರೂ ಫಿಟ್ಟಿಂಗ್ ನಿಮ್ಮದೇ ಅಲ್ವಾ? ಫಿಟ್ಟಿಂಗಿಗಾದರೂ ಗ್ಯಾರಂಟಿ ಬರೆದುಕೊಡಿ. 2,800 ತಗೊಳ್ಳೋದು ಅದಕ್ಕೇ ತಾನೇ?

ಗ್ಯಾರೇಜ್ ಮಗಳು, ದಾವಣಗೆರೆ:
ಇದನ್ನ ಅಪ್ಪನ ಹತ್ತಿರ ಕೇಳಿದೆ. ಫಿಟ್ಟಿಂಗಿಗೆ ಬರೆದುಕೊಡಬಹುದು ಅಂದ್ರು, ಮೂರು ತಿಂಗಳಿಗೆ. ಆದರೆ ಆಗ ಲೇಬರ್ 3,000 ಅಲ್ಲ, 4,000 ಅಂತೆ. ಒಪ್ಪಿಗೆ ಇದ್ದರೆ ಗಾಡಿ ತಗೊಂಡು ಬನ್ನಿ ಅಣ್ಣ.